ಗೋಡೆಗೆ ಮುಖ ಮಾಡಿದ ಗರಗಸ

ಬೊನಿ ಪೊರ್ಬುಗಳಿಗೆ ಹತ್ತು ಬೆರಳುಗಳೂ ಇದ್ದವು. ಇದರಲ್ಲಿ ಹೇಳುವಂಥದ್ದೇನಿದೆ ಎಂದು ಅನ್ನಿಸಬಹುದು. ಆದರೆ ಅವರು ಸುಮಾರು ಮೂವತ್ತು ವರ್ಷ ಮರ ಕೊಯ್ಯುವ ಮೆಷಿನುಗಳ ನಡುವೆ ಬದುಕಿದವರು. ಕ್ರೈಸ್ತ ಹಿರಿಯರನ್ನು ಗೌರವದಿಂದ ಪೊರ್ಬುಗಳೆಂದು ಕರೆಯುವ ಮಂಗಳೂರಿನಲ್ಲಿ, ಬಿಜೈಯ ಅವರ ಶೆಡ್ಡಿಗೆ ಬರುತ್ತಿದ್ದವರಲ್ಲಿ ಒಬ್ಬನಿಗೆ ಎಡಗೈಯ ಹೆಬ್ಬೆರಳಿರಲಿಲ್ಲ. ಇನ್ನೊಬ್ಬನ ತೊಡೆಯ ಮೇಲೆ ಹೊಲಿಗೆಯ ಗುರುತು ಹಳೆಯ ಚೀಲದ ಜಿಪ್ಪಿನಂತೆ ಉದ್ದಕ್ಕೆ ಇಳಿದಿತ್ತು. ಪೊರ್ಬುಗಳು ಮಾತ್ರ ಎರಡೂ ಕೈಗಳನ್ನು ಮುಂದೆ ಚಾಚಿ, "ಬೇಕಾದ್ರೆ ಎಣಿಸಿ, ಹತ್ತು ಉಂಟು" ಎನ್ನುತ್ತಿದ್ದರು. ಹೇಗೆ ಉಳಿಸಿಕೊಂಡಿರಿ ಎಂದು ಕೇಳಿದರೆ ಉತ್ತರ ಯಾವಾಗಲೂ ಒಂದೇ: "ನನಗೆ ಹೆದರಿಕೆ ಮಾರಾಯ್ರೇ."

ಇದು ವಿನಯದ ಮಾತೆಂದು ನಾನು ಮೊದಲು ತಿಳಿದಿದ್ದೆ. ಅಲ್ಲ. ಮಂಗಳೂರಿನಲ್ಲಿ ಅತಿ ವೇಗದ ಪೆಟ್ರೋಲ್ ಗರಗಸಗಳನ್ನು ತಯಾರು ಮಾಡುತ್ತಿದ್ದ ಆ ಮನುಷ್ಯನಿಗೆ ಗರಗಸವೆಂದರೆ ನಿಜವಾಗಿ ಹೆದರಿಕೆಯಿತ್ತು. ಸ್ಟಾರ್ಟ್ ಮಾಡುವ ಹಗ್ಗ ಎಳೆಯುವ ಮೊದಲು ಎದೆಯ ಮೇಲೆ ಶಿಲುಬೆಯ ಗುರುತು ಹಾಕುತ್ತಿದ್ದರು, ನೊಣ ಓಡಿಸಿದಷ್ಟು ಬೇಗ. ಆಮೇಲೆ ಮೈಯನ್ನು ಒಂದು ಬದಿಗೆ ಸರಿಸಿ, ಮುಖವನ್ನು ಇನ್ನೂ ಆಚೆಗೆ ತಿರುಗಿಸಿ, ಕಿವಿಯನ್ನು ಮಾತ್ರ ಮೆಷಿನಿನ ಕಡೆಗೆ ಕೊಡುತ್ತಿದ್ದರು. ಅಂಗಳದಲ್ಲಿ ಪರೀಕ್ಷೆಗೆಂದು ಇಟ್ಟಿದ್ದ ದಿಮ್ಮಿಯನ್ನು ಬಿಟ್ಟರೆ ಜೀವಮಾನದಲ್ಲಿ ಒಂದು ಮರವನ್ನೂ ಅವರು ಕೊಯ್ದಿರಲಿಲ್ಲ.

ನಾನು ಕಾರಣ ಹುಡುಕುವವನು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಸಂಶೋಧನೆಯನ್ನು ಅರ್ಧಕ್ಕೆ ಬಿಟ್ಟು, ಮೇಷ್ಟರ ಕೆಲಸವನ್ನು ಮುಕ್ಕಾಲಿಗೆ ಬಿಟ್ಟವನು. ಈ ಹೆದರಿಕೆಯ ಹಿಂದೆ ಏನೋ ಒಂದು ಅನಾಹುತ ಇರಲೇಬೇಕೆಂದು ಅನೇಕ ದಿನ ಕೆದಕಿದೆ. ಸತ್ತ ಗೆಳೆಯನೊಬ್ಬ ಇದ್ದಾನೋ, ಕೈ ಕಳೆದುಕೊಂಡ ತಮ್ಮನೋ? ಯಾರೂ ಇರಲಿಲ್ಲ. "ನೀರು ನೋಡಿ ಹೆದರ್ಲಿಕ್ಕೆ ಒಮ್ಮೆ ಮುಳುಗಿ ನೋಡ್ಬೇಕಾ?" ಎಂದು ಕೇಳಿದರು.

ನಮ್ಮ ಪರಿಚಯ ಆದದ್ದು ಜಗಳದಿಂದ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವರ ಮನೆ, ಮನೆಗೆ ತಾಗಿ ತಗಡಿನ ಶೆಡ್ಡು. ಅದರ ಎದುರಿನ ಕಟ್ಟಡದ ಮೇಲ್ಮಹಡಿಯಲ್ಲಿ ನನ್ನ ಬಾಡಿಗೆ ಕೋಣೆ. ಬಂದ ಮೂರನೆಯ ದಿನವೇ ಫೋನಿನಲ್ಲಿ ಶಬ್ದ ಅಳೆಯುವ ಆ್ಯಪ್ ಹಾಕಿಕೊಂಡು ಇಳಿದು ಹೋದೆ. ಪೊರ್ಬುಗಳು ದಪ್ಪ ಕನ್ನಡಕವನ್ನು ಹಣೆಗೇರಿಸಿ ಪರದೆಯನ್ನು ನೋಡಿದರು. ಎಷ್ಟಿದ್ದರೆ ಒಳ್ಳೆಯದು ಎಂದು ಕೇಳಿದರು. ಕಡಿಮೆಯಾದಷ್ಟೂ ಒಳ್ಳೆಯದು ಎಂದೆ. "ಹಾಗಾದ್ರೆ ನಿಮ್ಮ ಕೆಲಸ, ನನ್ನ ಕೆಲಸ ಉಲ್ಟಾ ಆಯ್ತು. ಕೂತ್ಕೊಳ್ಳಿ, ಚಾ ಬರ್ತದೆ." ಚಾ ಬಂತು. ಮರುದಿನವೂ ಹೋದೆ. ಆಮೇಲೆ ಸುಮಾರು ನಾಲ್ಕು ವರ್ಷ ಹೋಗುತ್ತಲೇ ಇದ್ದೆ.

ಅವರ ವಿದ್ಯೆ ಇಷ್ಟು. ಹೊಸ ಮೆಷಿನು ಪೆಟ್ಟಿಗೆಯಿಂದ ಬರುವಾಗ ಅದರ ಉಸಿರು ಕಟ್ಟಿರುತ್ತದೆ. "ಕಂಪೆನಿಯವರು ಕುತ್ತಿಗೆ ಹಿಡಿದೇ ಕಳಿಸುದು" ಎನ್ನುತ್ತಿದ್ದರು. ಅವರು ಸೈಲೆನ್ಸರ್ ಬಿಚ್ಚಿ ಹೊಗೆ ಹೋಗುವ ತೂತನ್ನು ಅರದಿಂದ ಉಜ್ಜಿ ಅಗಲ ಮಾಡುತ್ತಿದ್ದರು. ಸಿಲಿಂಡರಿನ ಅಡಿಯ ಗ್ಯಾಸ್ಕೆಟ್ ತೆಗೆದು ತೆಳ್ಳಗಿನದನ್ನು ಹಾಕುತ್ತಿದ್ದರು. ಆಮೇಲೆ ಕಾರ್ಬುರೇಟರಿನ ಎರಡು ಸ್ಕ್ರೂಗಳು. ಪೂರ್ತಿ ವೇಗದಲ್ಲಿ ಎಂಜಿನ್ ಅರಚುತ್ತಿರುವಾಗ ಕಣ್ಣು ಮುಚ್ಚಿ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದರು. ಪೆಟ್ರೋಲು ಹೆಚ್ಚಾದರೆ ಎಂಜಿನ್ ಗಂಟಲಲ್ಲಿ ನೀರು ಸಿಕ್ಕಿದಂತೆ ಗುಳುಗುಳು ಎನ್ನುತ್ತದೆ. ಕಡಿಮೆಯಾದರೆ ಸ್ವರ ಏರಿ ನಯವಾಗುತ್ತದೆ, ಕೇಳಲು ಚೆಂದ, ಆದರೆ ಒಳಗೆ ಪಿಸ್ಟನ್ ಸುಡುತ್ತಿರುತ್ತದೆ. "ಅಳುವ ಮಗು ಸುಮ್ಮನಾಗುವ ಮೊದಲು ಒಂದು ಸ್ವರ ಉಂಟಲ್ಲ, ಅಲ್ಲಿ ನಿಲ್ಸಬೇಕು. ಪೂರ್ತಿ ಸುಮ್ಮನೆ ಮಾಡ್ಲಿಕ್ಕೆ ಹೋಗ್ಬಾರ್ದು."

ನಾನು ನಂಬಲಿಲ್ಲ. ಎಂಜಿನಿನ ಸುತ್ತುಗಳನ್ನು ಎಣಿಸುವ ಮೀಟರನ್ನು ಆನ್‌ಲೈನಿನಲ್ಲಿ ತರಿಸಿ, ಅವರು ಕಿವಿಯಿಂದ ಹೊಂದಿಸಿದ ಮೆಷಿನುಗಳನ್ನೆಲ್ಲ ಅಳೆದೆ. ಒಂದಕ್ಕೊಂದು ಎಷ್ಟು ಹತ್ತಿರ ಬಂದವೆಂದರೆ ಮೀಟರೇ ಕೆಟ್ಟಿದೆಯೋ ಎಂದು ಪರೀಕ್ಷಿಸಿದೆ. ಈ ಕಥೆಯನ್ನು ಹೇಳುವಾಗೆಲ್ಲ ಐದು ಮೆಷಿನು ಎನ್ನುತ್ತೇನೆ. ಮೂರೇ ಇದ್ದಿರಬಹುದು. ನನ್ನ ನೆನಪು ಕಥೆಯ ಪರವಾಗಿ ಸಾಕ್ಷಿ ಹೇಳುತ್ತದೆಂಬುದು ನನಗೆ ಗೊತ್ತು. ಮುಂದೆ ಹೇಳಲಿರುವುದನ್ನು ಓದುವಾಗಲೂ ಇದು ನಿಮ್ಮ ತಲೆಯಲ್ಲಿರಲಿ.

ಕೊನೆಯ ಕೆಲಸ ಚೈನಿನದ್ದು. ಗರಗಸದ ಚೈನಿನಲ್ಲಿ ಪ್ರತಿ ಹಲ್ಲಿನ ಮುಂದೆ ಒಂದು ಸಣ್ಣ ಉಬ್ಬು ಇರುತ್ತದೆ. ಹಲ್ಲು ಮರವನ್ನು ಎಷ್ಟು ಆಳ ಕಚ್ಚಬೇಕೆಂದು ತೀರ್ಮಾನಿಸುವುದು ಅದು. ಪೊರ್ಬುಗಳು ಅದನ್ನು 'ವಾಚ್‌ಮ್ಯಾನ್' ಎಂದು ಕರೆಯುತ್ತಿದ್ದರು. ಅದನ್ನು ಉಜ್ಜಿ ತಗ್ಗಿಸಿದರೆ ಹಲ್ಲು ಆಳಕ್ಕೆ ಇಳಿಯುತ್ತದೆ, ಕೆಲಸ ಎರಡರಷ್ಟು ಬೇಗ. ಆದರೆ ಬ್ಲೇಡಿನ ಮೂತಿಯ ಮೇಲಿನ ತುದಿ ಯಾವುದಾದರೂ ಕೊಂಬೆಗೆ ತಾಗಿದರೆ, ಆ ಹಲ್ಲು ಮರವನ್ನು ಕಚ್ಚಿ ಹಿಡಿದುಬಿಡುತ್ತದೆ, ಇಡೀ ಮೆಷಿನು ಮೇಲಕ್ಕೆ, ಹಿಂದಕ್ಕೆ, ಹಿಡಿದವನ ಕುತ್ತಿಗೆಯ ಕಡೆಗೆ ಹಾರುತ್ತದೆ. ಕಣ್ಣು ಮಿಟುಕಿಸಲೂ ಸಮಯವಿರುವುದಿಲ್ಲ. "ಅದು ನಿಮ್ಮ ಮುಖ ನೋಡ್ಲಿಕ್ಕೆ ಬರುದು" ಎನ್ನುತ್ತಿದ್ದರು ಪೊರ್ಬುಗಳು. ಆಗ ಕಾಪಾಡುವುದು ಒಂದೇ. ಮುಂದಿನ ಹಿಡಿಯ ಎದುರಿಗಿರುವ ಲಿವರ್ ಕೈಗೆ ತಾಗಿ ಮುಂದಕ್ಕೆ ಬಾಗುತ್ತದೆ, ಒಳಗಿರುವ ಉಕ್ಕಿನ ಪಟ್ಟಿಯೊಂದು ಬಿಗಿದುಕೊಂಡು ಚೈನನ್ನು ತಟ್ಟನೆ ನಿಲ್ಲಿಸುತ್ತದೆ. ಆ ಬ್ರೇಕಿನ ಪಟ್ಟಿ ನನ್ನ ಬೆಲ್ಟಿನ ಅರ್ಧದಷ್ಟು ಅಗಲವೂ ಇಲ್ಲ.

ಆದ್ದರಿಂದ ಅವರಲ್ಲಿ ಒಂದು ಪದ್ಧತಿಯಿತ್ತು. ಮೆಷಿನು ತಯಾರಾದ ಮೇಲೆ ಗಿರಾಕಿಯನ್ನು ದಿಮ್ಮಿಯ ಎದುರು ನಿಲ್ಲಿಸುವರು. ಸ್ಟಾರ್ಟ್ ಮಾಡಿ, ಬ್ಲೇಡಿನ ತುದಿಯನ್ನು ದಿಮ್ಮಿಗೆ ತಾಗಿಸಲು ಹೇಳುವರು, ಹಿಂದಿನಿಂದ ತಾವೂ ಹಿಡಿಯನ್ನು ಹಿಡಿದುಕೊಂಡು. ಮೆಷಿನು ಒಮ್ಮೆ ನೆಗೆಯುತ್ತಿತ್ತು. ಬ್ರೇಕು ಬೀಳುತ್ತಿತ್ತು. ಎಂಜಿನ್ ಆರಿಸಿ, ಗಿರಾಕಿಯ ಮುಖ ನೋಡಿ ತುಳುವಿನಲ್ಲಿ ಕೇಳುವರು: "ಪೋಡಿಗೆ ಉಂಡಾ?" ಹೆದರಿಕೆ ಉಂಟಾ ಎಂದು. ಉಂಡು ಎಂದವನಿಗೆ ಮೆಷಿನು. ಇಜ್ಜಿ, ಅಂದರೆ ಇಲ್ಲ, ಎಂದವನಿಗೆ ಇನ್ನೊಮ್ಮೆ ಬರಲು ಹೇಳುವರು. ಎರಡನೆಯ ಸಲವೂ ಇಜ್ಜಿ ಎಂದರೆ ಮಾಡಿದ್ದನ್ನೆಲ್ಲ ಬಿಚ್ಚಿ, ಕಂಪೆನಿಯಿಂದ ಬಂದಂತೆಯೇ ಮಾಡಿ ಕೊಟ್ಟುಬಿಡುವರು. ಇದನ್ನು ನಾನು ನಾಟಕ ಎಂದುಕೊಂಡಿದ್ದೆ. ಹೆದರಿಕೆಯಿಂದ ಕೈ ನಡುಗುವವನೇ ಹೆಚ್ಚು ಅಪಾಯದಲ್ಲಿರುತ್ತಾನೆ ಎಂದು ವಾದಿಸಿದ್ದೆ. "ನಡುಗುವ ಕೈ ಗಟ್ಟಿ ಹಿಡಿತದೆ" ಎಂದಿದ್ದರು.

ಶೆಡ್ಡಿನೊಳಗೆ ಬಾಗಿಲಿಗೆ ಅಡ್ಡವಾಗಿ ಒಂದು ಉದ್ದ ಹಲಗೆ. ಬಂದ ಮೆಷಿನುಗಳೆಲ್ಲ ಅದರ ಮೇಲೆ. ಚೀಟಿ ಇಲ್ಲ, ಪುಸ್ತಕ ಇಲ್ಲ. ಬ್ಲೇಡಿನ ಮೂತಿ ಬಾಗಿಲ ಕಡೆಗಿದ್ದರೆ ಕೆಲಸ ಮುಗಿದಿದೆ, ಕೊಡಬಹುದು. ಗೋಡೆಯ ಕಡೆಗಿದ್ದರೆ ಮುಗಿದಿಲ್ಲ, ಮುಟ್ಟಬಾರದು. ಈ ನಿಯಮ ನನಗೆ ಗೊತ್ತಿತ್ತು, ಗಿರಾಕಿಗಳಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಅವರ ಹೆಂಡತಿ ಸೆವ್ರಿನ್‌ಬಾಯಿಗೆ. ಬಾಯಿ ಎಂದೇ ನಾವು ಕರೆಯುತ್ತಿದ್ದ ಅವರು ನರ್ಸ್ ಆಗಿದ್ದು ನಿವೃತ್ತರಾದವರು. ಶೆಡ್ಡಿನ ಸ್ಕ್ರೂಡ್ರೈವರುಗಳನ್ನು ಆಪರೇಷನ್ ಥಿಯೇಟರಿನ ಸಾಮಾನಿನಂತೆ ಸಾಲಾಗಿ ಜೋಡಿಸಿಡುತ್ತಿದ್ದರು, ಪೊರ್ಬುಗಳು ಗೊಣಗುತ್ತ ಮತ್ತೆ ಚೆಲ್ಲಾಪಿಲ್ಲಿ ಮಾಡುತ್ತಿದ್ದರು. ಹಲಗೆಯ ವಿಷಯ ಅವರಿಗೇಕೆ ಹೇಳಿಲ್ಲ ಎಂದು ಒಮ್ಮೆ ಕೇಳಿದ್ದೆ. "ಯಾವುದು ಡೇಂಜರ್ ಅಂತ ಹೇಳಿದ್ರೆ ಅವಳಿಗೆ ನಿದ್ರೆ ಬರುದಿಲ್ಲ. ಈ ಹೆದರಿಕೆ ಮನೆಯಲ್ಲಿ ಒಬ್ಬನಿಗೆ ಸಾಕು" ಎಂದಿದ್ದರು. ಹಲಗೆಯನ್ನು ಮುಟ್ಟಬೇಡ ಎಂದಷ್ಟೇ ಅವರಿಗೆ ಹೇಳಿಟ್ಟಿದ್ದರಂತೆ.

ಸಿದ್ದೀಕ್ ಉಳ್ಳಾಲದವನು. ಗಲ್ಫಿನಿಂದ ವಾಪಸು ಬಂದು ಮರ ಕೊಯ್ಯುವ ಗುತ್ತಿಗೆ ಹಿಡಿದಿದ್ದ. ಮನೆಯ ಮೇಲೆ ಬಾಗಿದ ಮರ, ತಂತಿಯ ಮೇಲೆ ಒರಗಿದ ಮರ, ಇತರರು ಒಲ್ಲೆ ಎಂದದ್ದೆಲ್ಲ ಅವನಿಗೆ. ಎತ್ತರದ ಆಳು, ನಗು ಮುಖ, ಬಂದರೆ ಶೆಡ್ಡು ತುಂಬುತ್ತಿತ್ತು. ದೊಡ್ಡದೊಂದು ಮೆಷಿನು ತಂದು, ಇದಕ್ಕೆ ಎಷ್ಟು ಶಕ್ತಿ ಬರುತ್ತದೋ ಅಷ್ಟೂ ಬೇಕು ಎಂದ. ಪೊರ್ಬುಗಳು ಮಾಡಿಕೊಟ್ಟರು. ದಿಮ್ಮಿಯ ಎದುರು ನಿಲ್ಲಿಸಿದರು. ಮೆಷಿನು ನೆಗೆಯಿತು. ಸಿದ್ದೀಕ್ ಒಂದೇ ಕೈಯಲ್ಲಿ ಅದನ್ನು ಕೆಳಗೊತ್ತಿ ನಕ್ಕ.

"ಪೋಡಿಗೆ ಉಂಡಾ?"

"ಇಜ್ಜಿ ಪೊರ್ಬುಲೇ. ಇದಕ್ಕೆಲ್ಲ ಹೆದರಿದ್ರೆ ನಾನು ಬ್ಯೂಟಿ ಪಾರ್ಲರ್ ಇಡ್ಬೇಕಷ್ಟೆ."

ಎಲ್ಲರೂ ನಕ್ಕೆವು, ಪೊರ್ಬುಗಳೂ ನಕ್ಕರು. ಮೆಷಿನು ಮಾತ್ರ ಕೊಡಲಿಲ್ಲ. ಬ್ರೇಕಿನ ಪಟ್ಟಿ ಸವೆದಿದೆ, ಹೊಸದು ತರಿಸಿ ಹಾಕುತ್ತೇನೆ, ಮುಂದಿನ ವಾರ ಬಾ ಎಂದರು. ಅದು ನೆಪವೆಂದು ನಾನು ಭಾವಿಸಿದೆ. ಸಿದ್ದೀಕನೂ ಹಾಗೆಯೇ ಭಾವಿಸಿದನೆಂದು ಕಾಣುತ್ತದೆ.

ಮುಂದಿನ ವಾರ ಒಂದು ಬೆಳಿಗ್ಗೆ ಪೊರ್ಬುಗಳು ತೀರಿಹೋದ ತಮ್ಮ ಅಣ್ಣನ ವರ್ಷದ ಪೂಜೆಗೆಂದು ಚರ್ಚಿಗೆ ಹೋದರು. ಮೊಣಕಾಲು ನೋವೆಂದು ಬಾಯಿ ಮನೆಯಲ್ಲೇ ಉಳಿದರು. ಒಂದು ಗಂಟೆ ಶೆಡ್ಡಿನಲ್ಲಿ ಕೂತಿರಿ, ಯಾರಾದರೂ ಬಂದರೆ ಮಾತಾಡಿಸಿ ಎಂದು ಪೊರ್ಬುಗಳು ಹಿಂದಿನ ದಿನವೇ ನನಗೆ ಹೇಳಿದ್ದರು. ನಾನು ಇಳಿದು ಹೋದಾಗ ಶೆಡ್ಡಿನ ಬಾಗಿಲು ತೆರೆದಿತ್ತು. ಸೆವ್ರಿನ್‌ಬಾಯಿ ಅದನ್ನು ತೆರೆದಿಟ್ಟು ಒಳಗೆ ಹೋಗಿದ್ದರು. ಹತ್ತು ನಿಮಿಷದಲ್ಲಿ ಸಿದ್ದೀಕ್ ಬಂದ. ಉಳ್ಳಾಲದಲ್ಲಿ ಸಮುದ್ರದ ಹತ್ತಿರ ಒಂದು ಗಾಳಿಮರ ಮಗುಚಿ ಒಂದು ಮನೆಯ ದಾರಿಗೆ ಅಡ್ಡ ಬಿದ್ದಿದೆ, ಇವತ್ತೇ ತೆಗೆಯಬೇಕು, ಮೆಷಿನು ಆಯಿತಾ ಎಂದು ಕೇಳಿದ. ನಾನು ಹಲಗೆಯ ಕಡೆ ನೋಡಿದೆ. ಅವನ ಮೆಷಿನಿನ ಮೂತಿ ಬಾಗಿಲ ಕಡೆಗಿತ್ತು.

ಬಾಗಿಲ ಕಡೆಗಿತ್ತು. ಈ ವಾಕ್ಯವನ್ನು ನನ್ನೊಳಗೆ ಎಷ್ಟು ಸಲ ಹೇಳಿಕೊಂಡಿದ್ದೇನೆಂದರೆ, ಈಗ ನೋಡಿದ್ದು ನೆನಪಿದೆಯೋ ಹೇಳಿಕೊಂಡದ್ದು ನೆನಪಿದೆಯೋ ತಿಳಿಯುವುದಿಲ್ಲ.

ಮೆಷಿನು ಎತ್ತಿ ಕೊಟ್ಟೆ. ದಿಮ್ಮಿಯ ಎದುರು ನಿಲ್ಲಿಸಲಿಲ್ಲ. ಕೇಳಬೇಕಾದುದನ್ನು ಕೇಳಲೂ ಇಲ್ಲ. ಆ ನಾಟಕ ನನ್ನ ಬಾಯಲ್ಲಿ ಚೆನ್ನಾಗಿರುವುದಿಲ್ಲ ಎಂದುಕೊಂಡೆ. ಅವನು ಅದನ್ನು ರಿಕ್ಷಾದ ಹಿಂದೆ ಹಾಕಿಕೊಂಡು ಹೋದ.

ಪೊರ್ಬುಗಳು ಬಿಳಿ ಅಂಗಿಯಲ್ಲಿ ಬಂದು, ಚಪ್ಪಲಿ ಬಿಡುವ ಮೊದಲೇ ಹಲಗೆಯ ಮೇಲಿನ ಖಾಲಿ ಜಾಗ ನೋಡಿದರು. ಸಿದ್ದೀಕ್ ಒಯ್ದ ಎಂದೆ. ಅವರು ಮೇಜಿನ ಡ್ರಾಯರ್ ಎಳೆದರು. ಅದರಲ್ಲಿ ಕಾಗದದಲ್ಲಿ ಸುತ್ತಿದ ಉಕ್ಕಿನ ಪಟ್ಟಿಯೊಂದಿತ್ತು, ಹೊಸದು, ಎಣ್ಣೆ ಹಚ್ಚಿದ್ದು. ಹಳೆಯ ಪಟ್ಟಿಯನ್ನು ಅವರು ಹಿಂದಿನ ದಿನವೇ ಬಿಚ್ಚಿ ಎಸೆದಿದ್ದರು. ಧೂಳು ಹೋಗದಿರಲೆಂದು ಮುಚ್ಚಳವನ್ನು ಮಾತ್ರ ಮತ್ತೆ ಹಾಕಿಟ್ಟಿದ್ದರು. ಲಿವರ್ ಮುಂದಕ್ಕೆ ಒತ್ತಿದರೆ ಕಟಕ್ ಎಂದು ಶಬ್ದ ಬರುತ್ತದೆ. ಚೈನನ್ನು ಹಿಡಿಯಲು ಒಳಗೆ ಏನೂ ಇಲ್ಲ.

"ಅದು ಎಲ್ಲಿ ನೋಡ್ತಾ ಇತ್ತು?" ಎಂದು ಕೇಳಿದರು.

"ಬಾಗಿಲ ಕಡೆ."

"ನಾನು ಗೋಡೆಗೆ ಇಟ್ಟಿದ್ದೆ" ಎಂದರು. ಆಮೇಲೆ ಮೆಲ್ಲಗೆ, ತಮಗೇ ಹೇಳಿಕೊಳ್ಳುವಂತೆ, "ಇಟ್ಟಿದ್ದೆ ಅಲ್ವಾ?"

ಸಿದ್ದೀಕನಿಗೆ ಫೋನ್ ಮಾಡಿದೆ. ರಿಂಗ್ ಆಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ. ಫೋನ್ ಎತ್ತದಿರುವುದಕ್ಕೆ ಎರಡೇ ಅರ್ಥ ಸಾಧ್ಯವಿತ್ತು: ಮೆಷಿನಿನ ಸದ್ದಿನಲ್ಲಿ ಕೇಳುತ್ತಿಲ್ಲ, ಅಥವಾ ಇನ್ನೊಂದು. ಪಟ್ಟಿಯನ್ನು ಕರ್ಚೀಫಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಪೊರ್ಬುಗಳು ನನ್ನ ಸ್ಕೂಟರಿನ ಹಿಂದೆ ಕೂತರು. ಪಂಪ್‌ವೆಲ್ ವೃತ್ತದಲ್ಲಿ ವಾಹನಗಳು ನಿಂತಿದ್ದವು. ನಾನು ಬಸ್ಸಿನ ಹಿಂದೆ ನಿಂತು ಲೆಕ್ಕ ಹಾಕುತ್ತಿದ್ದೆ. ಎಷ್ಟು ಕಟ್ಟಿಗೆ, ಎಷ್ಟು ಸಲ ತುದಿ ತಾಗುವ ಸಾಧ್ಯತೆ. ಬೆನ್ನಿಗೆ ಪೊರ್ಬುಗಳ ಎದೆಬಡಿತ ತಾಗುತ್ತಿತ್ತು ಎಂದು ಬರೆಯಬೇಕೆನಿಸುತ್ತದೆ. ಹಾಳಾದ ರಸ್ತೆಯಲ್ಲಿ ಅದು ಹೇಗೆ ತಿಳಿಯುತ್ತದೆ? ತಿಳಿದದ್ದು ಇಷ್ಟೇ: ನೇತ್ರಾವತಿಯ ಸೇತುವೆ ದಾಟುವವರೆಗೂ ಅವರು ನನ್ನ ಅಂಗಿಯನ್ನು ಎರಡೂ ಕೈಗಳಲ್ಲಿ ಹಿಡಿದಿದ್ದರು.

ಉಳ್ಳಾಲದ ಓಣಿಯಲ್ಲಿ ಸ್ಕೂಟರ್ ನಿಲ್ಲಿಸಿ ಆರಿಸಿದಾಗ ಸಮುದ್ರದ ಸದ್ದಿನ ಮೇಲೆ ಆ ಸ್ವರ ಕೇಳಿತು. ಪೊರ್ಬುಗಳು ತಲೆಯೆತ್ತಿ, "ನನ್ನದೇ" ಎಂದರು. ಕೆಲಸ ನಡೆಯುತ್ತಿದೆ, ಅಂದರೆ ಬದುಕಿದ್ದಾನೆ. ಆ ಸಮಾಧಾನ ಮೂಲೆ ತಿರುಗುವವರೆಗೆ ಮಾತ್ರ ಇತ್ತು.

ಸಿದ್ದೀಕ್ ಬಿದ್ದ ಮರದ ಕಾಂಡದ ಮೇಲೆ ನಿಂತಿದ್ದ, ನಮಗೆ ಬೆನ್ನು ಹಾಕಿ. ಸುತ್ತ ಕೊಂಬೆಗಳ ಗೊಂಚಲು. ಅದರೊಳಗೆ ಬ್ಲೇಡಿನ ತುದಿಯನ್ನು ತೂರಿಸಿ ತೂರಿಸಿ ಕೊಯ್ಯುತ್ತಿದ್ದ. ಅವನ ಇಬ್ಬರು ಆಳುಗಳು ಆಚೆ ರಸ್ತೆಯಲ್ಲಿ ಸೊಪ್ಪು ಎಳೆಯುತ್ತಿದ್ದರು. ನಾನು ಕೂಗಲು ಬಾಯಿ ತೆರೆದೆ. ಪೊರ್ಬುಗಳು ನನ್ನ ಮಣಿಕಟ್ಟನ್ನು ಹಿಡಿದರು.

"ಕರೀಬೇಡಿ. ಅವ ತಿರುಗಿದ್ರೆ ತುದಿ ತಾಗ್ತದೆ."

ಎದುರಿನಿಂದ ಹೋಗಲು ಕೊಂಬೆಗಳಿದ್ದವು. ಹಿಂದಿನಿಂದ ಮುಟ್ಟಿದರೆ ಬೆಚ್ಚಿಬೀಳುತ್ತಾನೆ. ಮಾಡಬಹುದಾದುದು ಒಂದೇ ಇತ್ತು, ಪೆಟ್ರೋಲು ಮುಗಿಯುವವರೆಗೆ ಕಾಯುವುದು. ಪೊರ್ಬುಗಳು ನೆಲದಲ್ಲಿ ಬಿದ್ದಿದ್ದ ಕೊಯ್ದ ತುಂಡುಗಳನ್ನು ಬೆರಳು ಮಡಚಿ ಎಣಿಸಿದರು. ಕೆಲಸ ಮುಗಿಯದ ಮೆಷಿನಿನ ಟ್ಯಾಂಕನ್ನು ತಾನು ಖಾಲಿ ಮಾಡಿಯೇ ಇಡುವುದು, ಹಾಗಾದರೆ ಇವನು ಇಲ್ಲಿ ಬಂದು ತುಂಬಿಸಿದ್ದು, ಇಷ್ಟು ತುಂಡಿಗೆ ಒಂದು ಟ್ಯಾಂಕು ಹೆಚ್ಚುಕಡಿಮೆ ಮುಗಿದಿರಬೇಕು ಎಂದು ನನ್ನ ಕಿವಿಗೆ ಬಾಯಿಟ್ಟು ಹೇಳಿದರು. ಅವರ ಗಲ್ಲ ಒದ್ದೆಯಾಗಿತ್ತು.

ಎಷ್ಟು ಹೊತ್ತು ನಿಂತೆವು? ನನ್ನ ನೆನಪಿನಲ್ಲಿ ಕಾಲು ಗಂಟೆ. ನಿಜವಾಗಿ ಎರಡು ನಿಮಿಷ ಇರಬಹುದು, ಮೂರು ಇರಬಹುದು. ಒಬ್ಬ ಮನುಷ್ಯ ಸಾಯಬಹುದೆಂದು ತಿಳಿದೂ ಇಪ್ಪತ್ತು ಹೆಜ್ಜೆ ದೂರದಲ್ಲಿ ಕೈಕಟ್ಟಿ ನಿಲ್ಲುವ ಹೆದರಿಕೆ ಎಂಥದ್ದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಅವನು ಹಾಡುತ್ತಿದ್ದ ಹಾಗೆ ಕಾಣುತ್ತಿತ್ತು. ತಲೆ ತೂಗುತ್ತಿದ್ದ.

ಆಗ ಸ್ವರ ಏರಿತು. ಟ್ಯಾಂಕಿನ ತಳದಲ್ಲಿ ಪೆಟ್ರೋಲು ಕಡಿಮೆಯಾಗಿ ಗಾಳಿ ಹೆಚ್ಚಾದಾಗ ಎಂಜಿನ್ ಹುಚ್ಚು ಹಿಡಿದಂತೆ ಓಡುತ್ತದೆ. ಪೊರ್ಬುಗಳ ಉಗುರು ನನ್ನ ಚರ್ಮದೊಳಗೆ ಇಳಿಯಿತು. ಮುಗಿಯುವ ಗುರುತು ಅದೇ, ಅತಿ ವೇಗದ ಗಳಿಗೆಯೂ ಅದೇ. ಅಷ್ಟರಲ್ಲಿ ತುದಿ ಯಾವುದೋ ಕೊಂಬೆಗೆ ತಾಗಿತು. ಮೆಷಿನು ನೆಗೆಯಿತು. ಒಂದು ಗೇಣು, ಒಂದೂವರೆ ಗೇಣು. ಸಿದ್ದೀಕನ ಗಲ್ಲದ ಮಟ್ಟಕ್ಕೆ ಬಂದು, ಅವನ ತೋಳುಗಳ ಶಕ್ತಿಗೆ ನಿಂತು, ಕೆಳಗಿಳಿಯಿತು. ಚೈನ್ ಆಗಲೂ ತಿರುಗುತ್ತಿತ್ತು. ಅವನು ನಕ್ಕದ್ದು ಹಿಂದಿನಿಂದಲೇ ತಿಳಿಯಿತು, ಭುಜ ಕುಲುಕಿದವು. ಆಮೇಲೆ ಎಂಜಿನ್ ಎರಡು ಸಲ ಕೆಮ್ಮಿ ನಿಂತಿತು. ಸಮುದ್ರ ಕೇಳಿಸಿತು.

"ಎಂತ ಪೊರ್ಬುಲೇ, ಮರ ನೋಡ್ಲಿಕ್ಕೆ ಬಂದದ್ದಾ?" ಎಂದ ತಿರುಗಿ.

ಪೊರ್ಬುಗಳು ಅವನ ಹತ್ತಿರ ಹೋದರು. ಮೆಷಿನನ್ನು ತೆಗೆದುಕೊಂಡು ಒಂದು ತುಂಡಿನ ಮೇಲೆ ಕೂತು ತೊಡೆಯ ಮೇಲಿಟ್ಟುಕೊಂಡರು. ಲಿವರ್ ಒತ್ತು ಎಂದರು. ಒತ್ತಿದ, ಕಟಕ್ ಎಂದಿತು. ಈಗ ಚೈನ್ ಎಳೆ ಎಂದರು. ಸಿದ್ದೀಕ್ ಎರಡು ಬೆರಳಲ್ಲಿ ಎಳೆದ. ಚೈನ್ ಸರಾಗವಾಗಿ, ತಿರುಪು ಸವೆದ ನಲ್ಲಿಯಂತೆ, ತಿರುಗಿತು. ಇನ್ನೊಮ್ಮೆ ಒತ್ತಿ, ಇನ್ನೊಮ್ಮೆ ಎಳೆದ. ಪೊರ್ಬುಗಳು ಮುಚ್ಚಳ ಬಿಚ್ಚಿ ಪಟ್ಟಿಯಿರಬೇಕಾದ ಖಾಲಿ ಜಾಗವನ್ನು ತೋರಿಸಿದರು. ಸಿದ್ದೀಕ್ ಅದನ್ನು ನೋಡುತ್ತ ನಿಂತ. ಆಮೇಲೆ ಅವನ ಕೈ, ಅವನಿಗೇ ತಿಳಿಯದಂತೆ, ಗಲ್ಲದ ಕೆಳಗೆ ಹೋಗಿ ಕುತ್ತಿಗೆಯನ್ನು ಮುಟ್ಟಿಕೊಂಡಿತು. ಮರಳಿನ ಮೇಲೆಯೇ ಕುಳಿತುಬಿಟ್ಟ.

"ಪೋಡಿಗೆ ಉಂಡಾ?"

ಕುತ್ತಿಗೆಯಿಂದ ಕೈ ತೆಗೆಯದೆ, "ಉಂಡು" ಎಂದ.

ಪೊರ್ಬುಗಳು ಕರ್ಚೀಫು ಬಿಚ್ಚಿ, ಅಲ್ಲೇ ಹೊಸ ಪಟ್ಟಿ ಹಾಕಿದರು. ಸ್ಪ್ಯಾನರ್ ಮೂರು ಸಲ ಕೈಯಿಂದ ಬಿತ್ತು. ಲಿವರ್ ಒತ್ತಿ ಚೈನ್ ಎಳೆಸಿದರು, ಅಲ್ಲಾಡಲಿಲ್ಲ. ಮೆಷಿನನ್ನು ಸಿದ್ದೀಕನ ಕೈಗೆ ಕೊಟ್ಟು, "ಇವತ್ತು ಬೇಡ. ನಾಳೆ ಕೊಯ್ಯು" ಎಂದರು. ತಪ್ಪು ಯಾರದ್ದೆಂದು ಅವನು ಕೇಳಲಿಲ್ಲ. ಯಾರಾದರೂ ಕೇಳಬೇಕಿತ್ತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಅಲ್ಲಿಂದ ಮುಂದೆ ಕೆಟ್ಟದ್ದು ಮೆಷಿನಲ್ಲ, ಪೊರ್ಬುಗಳು. ಗೋಡೆಗೆ ಇಟ್ಟದ್ದು ಹೌದೋ ಅಲ್ಲವೋ ಎಂಬ ಹುಳು ಅವರ ತಲೆ ಹೊಕ್ಕಿತು. ಮುಗಿಸಿದ ಮೆಷಿನನ್ನು ಮತ್ತೆ ಬಿಚ್ಚಿ ನೋಡುವರು. ಮುಚ್ಚಿ, ಕೈ ತೊಳೆದು, ಮತ್ತೆ ಬಿಚ್ಚುವರು. ಚಾ ಕುಡಿಯುತ್ತಿದ್ದವರು ಎದ್ದು ಹೋಗಿ ಹಲಗೆಯನ್ನು ನೋಡಿ ಬರುವರು. ಕೆಂಪು ಚೀಟಿ ಕಟ್ಟೋಣ ಎಂದೆ. "ಚೀಟಿ ಕಟ್ಟಿದ್ದು ನೆನಪಿರ್ಬೇಕಲ್ಲ" ಎಂದರು. ಸ್ಕ್ರೂ ತಿರುಗಿಸುವಾಗಲೂ ಕಿವಿಯನ್ನು ನಂಬದಾದರು. ನನ್ನ ಮೀಟರನ್ನು ಕೇಳಿ ಪಡೆದುಕೊಂಡರು. ಅದನ್ನು ಕೊಡುವಾಗ ನನಗೆ ನಾಚಿಕೆಯಾಯಿತು. ನನ್ನ ಅನುಮಾನದ ಕಾಯಿಲೆಯನ್ನು ಹತ್ತು ಬೆರಳಿನ ಈ ಮನುಷ್ಯನಿಗೆ ಅಂಟಿಸಿದ್ದೆ. ಗಿರಾಕಿಗಳು ಕಡಿಮೆಯಾದರು. ಸಿದ್ದೀಕ್ ಮಾತ್ರ ಬರುತ್ತಿದ್ದ, ಪ್ರತಿ ಸಲವೂ ತಾನೇ ಹೋಗಿ ದಿಮ್ಮಿಯ ಎದುರು ನಿಲ್ಲುತ್ತಿದ್ದ.

ಕಳೆದ ವರ್ಷ ಪೊರ್ಬುಗಳನ್ನು ಅತ್ತಾವರದ ಒಂದು ಆಸ್ಪತ್ರೆಗೆ ಸೇರಿಸಿದರು. ಹೃದಯದ ಆಪರೇಷನ್. ಹಿಂದಿನ ಸಂಜೆ ನೋಡಲು ಹೋದೆ. ಹಾಸಿಗೆಯಲ್ಲಿ ಕುಗ್ಗಿಹೋದಂತೆ ಕಂಡರು. ತಮಾಷೆಗೆಂದು ನಾನೇ ಕೇಳಿದೆ, ಪೋಡಿಗೆ ಉಂಡಾ ಎಂದು.

"ಉಂಡು ಮಾರಾಯ್ರೇ. ಹಾಗಾದ್ರೆ ನನ್ನನ್ನು ವಾಪಸು ಕೊಡ್ಬಹುದು ಅಲ್ವಾ?"

ಇಬ್ಬರೂ ನಕ್ಕೆವು. ನಾನು ಏಳುವಾಗ ಅವರು ಮಣಿಕಟ್ಟು ಹಿಡಿದರು, ಅಂದು ಹಿಡಿದಲ್ಲೇ. "ಆ ಸಿದ್ದೀಕನ ಮೆಷಿನ್. ಅದು ನಾನೇ ಬಾಗಿಲ ಕಡೆ ಇಟ್ಟದ್ದು. ನೀವು ಸರಿಯಾಗಿಯೇ ನೋಡಿದ್ದು. ನನ್ನ ತಲೆ ಆಗ್ಲೇ ಹೋಗಿತ್ತು" ಎಂದರು. ಅಲ್ಲ, ನನ್ನ ಕಣ್ಣೇ ತಪ್ಪಿರಬಹುದು ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಮೆಟ್ಟಿಲಿಳಿಯುವಾಗ ಮೈ ಹಗುರವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಅವರು ಆ ಹಾಸಿಗೆಯಿಂದ ಮನೆಗೆ ಬರಲಿಲ್ಲ.

ತಿಂಗಳ ಪೂಜೆ ಮುಗಿದ ಮೇಲೆ ಬಾಯಿ ನನ್ನನ್ನು ಕರೆದರು. ಹಲಗೆಯ ಮೇಲೆ ನಾಲ್ಕು ಮೆಷಿನು ಉಳಿದಿವೆ, ಯಾರದ್ದು ಯಾವುದೆಂದು ನಿಮಗೆ ಗೊತ್ತುಂಟು, ಕೊಟ್ಟುಬಿಡಿ ಎಂದರು. ನಾನು ಹೋದಾಗ ಶೆಡ್ಡಿನ ನೆಲ ಒದ್ದೆಯಾಗಿತ್ತು, ಫಿನೈಲಿನ ವಾಸನೆ. ಬಾಯಿ ಹಲಗೆಯ ಹತ್ತಿರ ನಿಂತು ಬಟ್ಟೆಯಿಂದ ಎಣ್ಣೆಯ ಕಲೆ ಒರೆಸುತ್ತಿದ್ದರು. ಮೂತಿ ಗೋಡೆಯ ಕಡೆಗಿದ್ದ ಒಂದು ಮೆಷಿನನ್ನು ಎರಡೂ ಕೈಯಲ್ಲಿ ಎತ್ತಿ ಕೆಳಗಿಟ್ಟರು. ಅದರ ಅಡಿಯನ್ನು ಒರೆಸಿದರು. ಮತ್ತೆ ಎತ್ತಿ ಹಲಗೆಯ ಮೇಲೆ ಇಟ್ಟರು, ಹಿಡಿಯಲು ಸುಲಭವಾಗುವಂತೆ, ಮೂತಿ ಬಾಗಿಲ ಕಡೆಗೆ.

"ಅವರು ಇರುವಾಗ ಮುಟ್ಲಿಕ್ಕೆ ಬಿಡ್ತಿರ್ಲಿಲ್ಲ" ಎಂದರು ಬಾಯಿ ಬಟ್ಟೆ ಹಿಂಡುತ್ತ. "ನಾನು ಮನೆಯಲ್ಲಿ ಉಳಿದು ಅವರು ಒಬ್ಬರೇ ಚರ್ಚಿಗೆ ಹೋದ ದಿನ ಮಾತ್ರ ಒರೆಸುದು. ಅವರಿಗೆ ಗೊತ್ತೇ ಇರ್ಲಿಲ್ಲ."

ಸಿದ್ದೀಕ್ ಬಂದ ಆ ಬೆಳಿಗ್ಗೆ ನಾನು ಶೆಡ್ಡಿಗೆ ಕಾಲಿಟ್ಟಾಗಲೂ ಫಿನೈಲಿನ ವಾಸನೆ ಇತ್ತೆಂದು ಈಗ ಸ್ಪಷ್ಟವಾಗಿ ನೆನಪಾಗುತ್ತದೆ. ಆದರೆ ಈ ನೆನಪು ಆಗಿನದ್ದೋ, ಬಾಯಿ ಬಟ್ಟೆ ಹಿಂಡಿದಾಗ ಹುಟ್ಟಿದ್ದೋ, ನಾನು ಪ್ರಮಾಣ ಮಾಡಿ ಹೇಳಲಾರೆ. ಬಾಯಿ ಒಮ್ಮೆ ತಿರುಗಿಸಿಟ್ಟದ್ದನ್ನು ನೋಡಿದ್ದು ಅಂದಿಗೆ ಪುರಾವೆಯಾಗುವುದಿಲ್ಲ. ಪುರಾವೆಯೇ ಆದರೂ, ತನ್ನ ತಲೆ ಹೋಗಿದೆ ಎಂದುಕೊಂಡೇ ಕಣ್ಣು ಮುಚ್ಚಿದ ಮನುಷ್ಯನಿಗೆ ಅದನ್ನು ತಲುಪಿಸುವ ದಾರಿಯಿಲ್ಲ. ಮತ್ತು ಯಾರು ತಿರುಗಿಸಿದ್ದರೂ, ಕೇಳಬೇಕಾದ ಎರಡು ಪದಗಳನ್ನು ಕೇಳದೆ ಮೆಷಿನು ಎತ್ತಿ ಕೊಟ್ಟ ಕೈ ನನ್ನದು. ಅದರಲ್ಲಿ ನೆನಪಿನ ಗೊಂದಲವೇನೂ ಇಲ್ಲ.

ಬಾಯಿಗೆ ಏನೂ ಹೇಳಲಿಲ್ಲ. ಹೆದರಿಕೆ ಆ ಮನೆಯಲ್ಲಿ ಒಬ್ಬರಿಗೆ ಸಾಕು ಎಂದು ಪೊರ್ಬುಗಳು ಹೇಳಿದ್ದರಲ್ಲ. ಬಟ್ಟೆ ಒಣಹಾಕಲು ಅವರು ಒಳಗೆ ಹೋದ ಮೇಲೆ ನಾಲ್ಕೂ ಮೆಷಿನುಗಳನ್ನು ಗೋಡೆಯ ಕಡೆಗೆ ತಿರುಗಿಸಿದೆ. ಪೊರ್ಬುಗಳ ಸ್ಪ್ಯಾನರ್ ಹುಡುಕಿ, ಮೊದಲನೆಯದರ ಮುಚ್ಚಳ ಬಿಚ್ಚತೊಡಗಿದೆ. ಕೈ ನಡುಗುತ್ತಿತ್ತು. ಗಟ್ಟಿಯಾಗಿ ಹಿಡಿದುಕೊಂಡೆ.